50 ಪೌಂಡ್ ಉಳಿಸಿದ ಕಥೆ

ಹಳೇ ಸುರಂಗ ಪರೀಕ್ಷಿಸುವ ವಿದ್ಯೆಗೆ ತಲೆಗೊಂದು ಲೈಟು, ಕೈಗೊಂದು ಸುತ್ತಿಗೆ ಸಾಕು. ಇಟ್ಟಿಗೆಗೆ ಕುಟ್ಟಿದಾಗ ‘ಟಣ್’ ಎಂದರೆ ಗಟ್ಟಿ; ‘ದಬ್’ ಎಂದರೆ ಒಳವರಸೆ ಬಿಟ್ಟುಕೊಂಡಿದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಕ್ವೀನ್ಸ್‌ಬರಿ ಸುರಂಗದ ಮಟ್ಟಿಗೆ ಮೊದಲು ಕುಟ್ಟಿ ನೋಡಬೇಕಾದದ್ದು ಅದರ ಫೈಲನ್ನು.

1878ರಲ್ಲಿ ತೆರೆದ ಈ 2.3 ಕಿಲೋಮೀಟರ್ ಸುರಂಗಕ್ಕೆ 1956ರಲ್ಲಿ ರೈಲು ನಿಂತಿತು. ದಕ್ಷಿಣಕ್ಕೆ ಇಳಿಜಾರು. ಆ ತುದಿಯ ಬಾಯಿಯ ಮುಂದಿನ ತಗ್ಗಿಗೆ ಕಸ ಸುರಿದು ಮುಚ್ಚಿದ್ದರಿಂದ ಒಸರುವ ನೀರಿಗೆ ದಾರಿಯಿಲ್ಲ, ಪಂಪಿನಲ್ಲೇ ಎತ್ತಬೇಕು. ಪಂಪು ಕೂತ ಜಾಗ ಖಾಸಗಿಯವರದು, ಬಾಡಿಗೆ ವರ್ಷಕ್ಕೆ 50 ಪೌಂಡ್. ಸರ್ಕಾರದ ಪರವಾಗಿ ಇಂಥ ಮೂರು ಸಾವಿರಕ್ಕೂ ಹೆಚ್ಚು ಹಳೇ ಸೇತುವೆ, ಸುರಂಗಗಳನ್ನು ನೋಡಿಕೊಳ್ಳುವ ಹೆದ್ದಾರಿ ಸಂಸ್ಥೆ ಅದನ್ನು ಕಟ್ಟಲಿಲ್ಲ. ಗುತ್ತಿಗೆ ಹೋಯಿತು, ಪಂಪು ನಿಂತಿತು, ನೀರು ಏರಿತು.

ಇನ್ನು ತರ್ಕ ಕೇಳಿ. ನೀರಿದೆ, ಹಾಗಾಗಿ ಒಳಗೆ ಹೋಗಿ ನೋಡುವಂತಿಲ್ಲ. ನೋಡಿಲ್ಲ, ಹಾಗಾಗಿ ಭದ್ರವೆನ್ನುವಂತಿಲ್ಲ. ಭದ್ರವಲ್ಲ, ಹಾಗಾಗಿ ಹೂತುಬಿಡೋಣ! 2019ರಲ್ಲಿ ಅರ್ಜಿಯೂ ಬಿತ್ತು. ಬ್ರಾಡ್‌ಫರ್ಡ್–ಹ್ಯಾಲಿಫ್ಯಾಕ್ಸ್ ನಡುವೆ ಇದರೊಳಗಿಂದಲೇ ಸೈಕಲ್ ದಾರಿ ಮಾಡಿ ಎಂದು ಗೋಗರೆಯುತ್ತಿದ್ದ ಊರವರ ಬೆನ್ನಿಗೆ ನಿಂತು 7,000ಕ್ಕೂ ಹೆಚ್ಚು ಮಂದಿ ಆಕ್ಷೇಪಣೆ ಬರೆದರು.

ಮಜಾ ಇರುವುದು ಇಲ್ಲಿ. ಹೂಳಲಿಕ್ಕೂ ಆಳುಗಳು ಒಳಗೆ ಇಳಿಯಬೇಕಲ್ಲ! ಅವರ ತಲೆ ಮೇಲೆ ಕಲ್ಲು ಬೀಳಬಾರದಲ್ಲ! ಸರಿ, ನೀರು ಹೊರಹಾಕಿ, ಉಕ್ಕಿನ ಕಮಾನು ಕೊಟ್ಟು ಸುರಂಗವನ್ನು ಗಟ್ಟಿ ಮಾಡಲು ಹೊರಟರು. ಗಲ್ಲಿಗೇರಿಸುವ ಮುನ್ನ ಕೈದಿಯ ಜ್ವರ ಬಿಡಿಸುವ ವೈದ್ಯನ ಕಾಳಜಿ. ಈ ಪೂರ್ವಸಿದ್ಧತೆಗೇ 70 ಲಕ್ಷ ಪೌಂಡಿಗೂ ಮಿಗಿಲಾಗಿ ಕರಗಿತು. ಪಂಪಿನ ಜಾಗಕ್ಕೆ ಅದು 1,40,000 ವರ್ಷಗಳ ಬಾಡಿಗೆ. ಅಷ್ಟು ಮುಂಗಡ ಕೊಟ್ಟಿದ್ದರೆ ಜಮೀನಿನ ಮಾಲೀಕ ಪಂಪಿಗೆ ದಿನಾ ಪೂಜೆ ಮಾಡುತ್ತಿದ್ದ.

ಬೇರೆ ದಾರಿಯೇ ಇರಲಿಲ್ಲವೆ? ಬಾತ್ ಊರಿನ ಕೂಂಬ್ ಡೌನ್ ಸುರಂಗದಲ್ಲೂ 1966ರಲ್ಲಿ ರೈಲು ನಿಂತಿತ್ತು. 2013ರಿಂದ ಅದರೊಳಗೆ ಮಕ್ಕಳು ಸೈಕಲ್ ತುಳಿಯುತ್ತಿದ್ದಾರೆ.

ಆದರೂ ತುಂಬುವ ಚಪಲ ಸುಲಭಕ್ಕೆ ಹೋಗುವುದಲ್ಲ. ಇದೇ ಸಂಸ್ಥೆ 2021ರಲ್ಲಿ ಗ್ರೇಟ್ ಮಸ್‌ಗ್ರೇವ್ ಎಂಬ ಹಳ್ಳಿಯ ಕಮಾನು ಸೇತುವೆಯ ಅಡಿಗೆ ಜಲ್ಲಿ, ಕಾಂಕ್ರೀಟು ಗಿಡಿದು, ಆಮೇಲೆ ಅನುಮತಿ ಕೇಳಿತು. ಸ್ಥಳೀಯ ಕೌನ್ಸಿಲ್ ಕೊಡಲಿಲ್ಲ. 2023ರಲ್ಲಿ ಎಲ್ಲವನ್ನೂ ಅಗೆದು ತೆಗೆದರು. ತುಂಬಿದ ಬಿಲ್ಲೂ ಜನರಿಗೆ, ತೋಡಿದ ಬಿಲ್ಲೂ ಜನರಿಗೆ.