ಬಿಸಿಲು ಪುಕ್ಕಟೆ, ನೆರಳಿಗೆ ಚೆಕ್ಕು

ದುಬೈನ ಮನೆ ಜಾಹೀರಾತುಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಡಿಸೆಂಬರ್. ಈಜುಕೊಳ ನೀಲಿ, ಆಕಾಶ ನೀಲಿ, ಬಾಲ್ಕನಿಯಲ್ಲಿ ಎರಡು ಬೆತ್ತದ ಕುರ್ಚಿ, ನಡುವೆ ಒಂದು ಕಾಫಿ ಕಪ್ಪು. ಕುರ್ಚಿಯಲ್ಲಿ ಮಾತ್ರ ಯಾರೂ ಕೂತಿರುವುದಿಲ್ಲ. ಯಾಕೆಂದು ಜೂನ್ ತಿಂಗಳಲ್ಲಿ ಆ ಬಾಲ್ಕನಿಯ ಕಂಬಿ ಮುಟ್ಟಿದವರನ್ನು ಕೇಳಿ. ಬಿಸಿಲು ತೋರಿಸಿ ಜನರನ್ನು ಕರೆಸಿಕೊಳ್ಳುವುದು ಈ ಊರಿನ ಒಂದು ಕಸುಬು. ಬಂದವರಿಗೆ ಅದೇ ಬಿಸಿಲಿನಿಂದ ಅಡಗಿಕೊಳ್ಳಲು ಜಾಗ ಕೊಡುವುದು ಇನ್ನೊಂದು. ಪ್ರವಾಸಿ ಮೊದಲನೆಯದಕ್ಕೆ ನಾಲ್ಕು ದಿನ ದುಡ್ಡು ಸುರಿದು ವಿಮಾನ ಹತ್ತುತ್ತಾನೆ. ಎರಡನೆಯದಕ್ಕೆ ವರ್ಷವಿಡೀ ಸುರಿಯುವವನೇ ಬಾಡಿಗೆದಾರ.

ವರ್ಷವಿಡೀ ಎಂದೆ, ತಿದ್ದಿಕೊಳ್ಳುತ್ತೇನೆ. ವರ್ಷ ಶುರುವಾಗುವ ಮೊದಲೇ ಸುರಿಯುತ್ತಾನೆ. ಇಲ್ಲಿ ಸಂಬಳ ತಿಂಗಳ ಲೆಕ್ಕ, ಬಾಡಿಗೆ ವರ್ಷದ ಲೆಕ್ಕ. ಮನೆ ತೋರಿಸುವ ಏಜೆಂಟ್ ನಿಮ್ಮ ಹೆಸರು ಕೇಳುವುದಕ್ಕೂ ಮುಂಚೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ಚೆಕ್ಕು ಸರ್?" ಮುಂದಿನ ತಾರೀಖಿನ ಚೆಕ್ಕುಗಳನ್ನೆಲ್ಲ ಸಹಿ ಹಾಕಿ ಮೊದಲ ದಿನವೇ ಒಪ್ಪಿಸಬೇಕು. ಒಂದೇ ಚೆಕ್ಕಿನಲ್ಲಿ ವರ್ಷದ ಗಂಟು ಇಡುವವನಿಗೆ ಬಾಡಿಗೆ ತುಸು ಇಳಿಯುತ್ತದೆ, ಜೊತೆಗೆ ಖರ್ಜೂರದ ಉಪಚಾರ. ನಾಲ್ಕು ಎಂದರೆ ಜಾಹೀರಾತಿನ ದರ. ಹನ್ನೆರಡು ಎಂದರೆ ಬಾಡಿಗೆ ಏರುತ್ತದೆ. ಇಲ್ಲವೇ ಆ ಮನೆ ಆಗತಾನೇ ಬೇರೆಯವರಿಗೆ ಹೋಗಿಬಿಟ್ಟಿರುತ್ತದೆ. ಹಣ ಇದ್ದವನಿಗೆ ರಿಯಾಯಿತಿ, ಇಲ್ಲದವನಿಗೆ ದಂಡ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ಬೆಂಗಳೂರಿನ ಮಾಲೀಕನನ್ನು ಶಪಿಸುತ್ತ ವಿಮಾನ ಹತ್ತಿದ ನಮ್ಮವರಿಗೆ ಇಲ್ಲಿ ಬಂದ ಮೇಲೆ ಆ ಮನುಷ್ಯ ಸಾಧುವಿನಂತೆ ಕಾಣುವುದುಂಟು. ಅವನು ಕೇಳಿದ್ದು ಕೂಡಿಟ್ಟ ಹಣವನ್ನು. ಇವರು ಕೇಳುವುದು ಇನ್ನೂ ದುಡಿಯದ ಹಣವನ್ನು.

ಆ ಚೆಕ್ಕು ಬರೆಯಲು ಬ್ಯಾಂಕ್ ಖಾತೆ ಬೇಕು. ಖಾತೆಗೆ ಎಮಿರೇಟ್ಸ್ ಐಡಿ, ಐಡಿಗೆ ವೀಸಾ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮತ್ತೆ ಬಾಡಿಗೆ ಕರಾರು ಸರ್ಕಾರದ ಬಾಡಿಗೆ ದಾಖಲೆಯಾದ 'ಎಜಾರಿ'ಯಲ್ಲಿ ನೋಂದಣಿಯಾಗಿರಬೇಕು. ಹೊಸಬ ಈ ಸುತ್ತು ಮುಗಿಸುವವರೆಗೆ ಯಾರದೋ ಸೋಫಾದ ಮೇಲೆ ಮಲಗಿ ಅವರ ಎಸಿಗೆ ಕೃತಜ್ಞನಾಗಿರುತ್ತಾನೆ. ಹಿಂದೆ ಇನ್ನೂ ಕಷ್ಟವಿತ್ತು, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾದರೆ ಜೈಲಿನ ಬಾಗಿಲು ಕಾಣುತ್ತಿತ್ತು. 2022ರ ಜನವರಿಯಿಂದ ಬರೀ ಅಷ್ಟಕ್ಕೆ ಅದು ಅಪರಾಧವಲ್ಲ, ವಸೂಲಿಯ ವಿಷಯ.

ವರ್ಷಕ್ಕೆ ಒಂದು ಲಕ್ಷ ದಿರ್ಹಮ್‌ನ ಮನೆ, ನಾಲ್ಕು ಚೆಕ್ಕು ಎಂದಿಟ್ಟುಕೊಳ್ಳಿ. ಮೊದಲ ಚೆಕ್ಕು 25,000. ವಾಡಿಕೆಯ ಶೇ 5 ಠೇವಣಿ, 5,000. ಬಾಗಿಲು ತೆರೆದು "ಇದು ಅಡುಗೆಮನೆ" ಎಂದು ತಿಳಿಸಿದ ಏಜೆಂಟನಿಗೆ ಇನ್ನೊಂದು ಶೇ 5. ನಮಗೂ ಅದು ಅಡುಗೆಮನೆಯಂತೆಯೇ ಕಂಡಿತ್ತು. ನೀರು, ವಿದ್ಯುತ್ತಿನ ಠೇವಣಿ 2,000. ಹಾಸಿಗೆ ಬರುವ ಮೊದಲೇ 37,000 ಹೋಯಿತು. ಇದು ತೆರಿಗೆಯಿಲ್ಲದ ಊರು ಎಂದು ಹೇಳಿ ಕಳಿಸಿದ ಬಂಧುಗಳಿಗೆ ಒಂದು ಮಾತು: ವರ್ಷದ ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ತಿಂಗಳ ಕಂತಿನಲ್ಲಿ ಕರೆಂಟು ಬಿಲ್ಲಿನೊಳಗೆ ಕೂತು ಬರುತ್ತದೆ. ತೆರಿಗೆ ಅಲ್ಲ, ಬರೀ ಶುಲ್ಕ.

ಆಮೇಲೆ ಚಿಲ್ಲರ್. ಅನೇಕ ಕಟ್ಟಡಗಳಿಗೆ ತಣ್ಣೀರು ದೂರದ ಸ್ಥಾವರದಿಂದ ಕೊಳವೆಯಲ್ಲಿ ಬಂದು ಮನೆಯ ಗಾಳಿಯನ್ನು ತಂಪು ಮಾಡುತ್ತದೆ. ಅದರ ಬಿಲ್ಲು ಬೇರೆ, ಮತ್ತು ಅದು ಚಿಲ್ಲರೆಯಲ್ಲ. ನೀವು ಮನೆಗೆ ಬೀಗ ಹಾಕಿ ಎರಡು ತಿಂಗಳು ಕುಂದಾಪುರದ ಮಳೆ ನೋಡುತ್ತ ಕೂತಿದ್ದರೂ ನಿಗದಿತ ಶುಲ್ಕವೊಂದು ಬೀಳುತ್ತಲೇ ಇರುತ್ತದೆ. ಇಂಥ ಊರಿನಲ್ಲಿ ವರದಕ್ಷಿಣೆಯಿಲ್ಲದ ವರನಂತೆ ಎಲ್ಲರೂ ಹುಡುಕುವುದು 'ಚಿಲ್ಲರ್ ಫ್ರೀ' ಮನೆಯನ್ನು. ಸಿಕ್ಕಿದರೆ ಆ ಹಣ ಬಾಡಿಗೆಯಲ್ಲೇ ಸೇರಿರುತ್ತದೆ.

ಬೇಸಿಗೆಯಲ್ಲಿ ಮಹಡಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಸುರಿಯುತ್ತದೆ. ಪಳಗಿದವರು ಗೀಸರ್ ಆಫ್ ಮಾಡಿ, ಮನೆಯೊಳಗಿನ ಎಸಿಯಲ್ಲಿ ತಣಿದ ಅದರ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತಾರೆ. ಇದನ್ನು ಯಾವ ಜಾಹೀರಾತೂ ಸೌಲಭ್ಯಗಳ ಪಟ್ಟಿಯಲ್ಲಿ ಸೇರಿಸಿಲ್ಲ. ಹೊರಗೆ 45 ಡಿಗ್ರಿ ದಾಟಿದಾಗ 2005ರಲ್ಲಿ ತೆರೆದ ಸ್ಕೀ ದುಬೈಗೆ ಹೋಗಿ, ಮಾಲ್ ಒಳಗಿನ ಹಿಮದಲ್ಲಿ ಬಾಡಿಗೆ ಕೋಟು ತೊಟ್ಟು ನಡುಗಬಹುದು. ವ್ಯಾಯಾಮ ಬೇಕೆಂದವರಿಗೆ 2025ರ ಆಗಸ್ಟ್‌ನಲ್ಲಿ ಮಾಲ್‌ಗಳ ಬಾಗಿಲನ್ನೇ ಬೆಳಗಿನ ನಡಿಗೆಗೆ ತೆರೆದರು; ಮುಚ್ಚಿದ ಅಂಗಡಿಗಳ ಸಾಲಿನ ಮುಂದೆ ಪ್ರಾತಃಕಾಲದ ವಿಹಾರ. ಸೂರ್ಯ ಇಷ್ಟು ಧಾರಾಳಿಯಾದ ಊರಿನ ಡಾಕ್ಟರು ಮಾಮೂಲಾಗಿ ಬರೆದುಕೊಡುವುದು ವಿಟಮಿನ್ ಡಿ ಗುಳಿಗೆಯನ್ನು.

ಇಷ್ಟೆಲ್ಲ ಆದರೂ ಮನೆ ಒಂದು ವರ್ಷ ನಿಮ್ಮದು, ಮಾಲೀಕನ ಮಗನಿಗೆ ಅದರ ನೆನಪಾಗುವವರೆಗೆ. ಬಾಡಿಗೆ ಏರಿಸಲು ಕಾನೂನಿನಲ್ಲಿ ಮೆಟ್ಟಿಲುಗಳಿವೆ: 2013ರ 43ನೇ ಆದೇಶದಂತೆ ನಿಮ್ಮ ಬಾಡಿಗೆ ಮಾರುಕಟ್ಟೆ ದರಕ್ಕಿಂತ ಶೇ 10ರವರೆಗೆ ಮಾತ್ರ ಕಡಿಮೆಯಿದ್ದರೆ ಏರಿಸುವಂತಿಲ್ಲ, ಶೇ 40ಕ್ಕಿಂತ ಹೆಚ್ಚು ಕಡಿಮೆಯಿದ್ದರೂ ಏರಿಕೆ ಶೇ 20 ಮೀರುವಂತಿಲ್ಲ. ಕರಾರು ಮುಗಿಯುವ 90 ದಿನ ಮುಂಚೆ ತಿಳಿಸಬೇಕು. ಒಳ್ಳೆಯ ಕಾನೂನು. ಅದಕ್ಕೇ ಬಾಡಿಗೆ ಜಿಗಿದ ವರ್ಷಗಳಲ್ಲೆಲ್ಲ ಮಾಲೀಕರ ಕುಟುಂಬ ಪ್ರೇಮವೂ ಜಿಗಿಯುತ್ತದೆ. ಲಂಡನ್ನಿನಲ್ಲಿ ಐದು ಕೋಣೆಯ ಮನೆಯಲ್ಲಿರುವ ಮಗನಿಗೆ ಇದ್ದಕ್ಕಿದ್ದಂತೆ ನಿಮ್ಮ ಸ್ಟುಡಿಯೊ ಫ್ಲ್ಯಾಟೇ ಬೇಕಾಗುತ್ತದೆ. ಸ್ವಂತಕ್ಕೆ ಬೇಕೆಂದು ಬಿಡಿಸಬೇಕಾದರೆ ನೋಟರಿ ಮೂಲಕವೋ ನೋಂದಾಯಿತ ಅಂಚೆಯಲ್ಲೋ 12 ತಿಂಗಳ ನೋಟಿಸ್ ಕೊಡಬೇಕು. ಬಿಡಿಸಿದ ಮೇಲೆ ಎರಡು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಆದರೆ ಮಾಲೀಕರು ಕಳಿಸುವುದು ವಾಟ್ಸ್ಆ್ಯಪ್ ಸಂದೇಶ, ಕೊನೆಯಲ್ಲಿ ಎರಡು ಕೈ ಮುಗಿದ ಚಿತ್ರ. ಕಾನೂನು ಗೊತ್ತಿಲ್ಲದ ಬಾಡಿಗೆದಾರ ಪೆಟ್ಟಿಗೆ ಕಟ್ಟುತ್ತಾನೆ. ಮುಂದಿನ ತಿಂಗಳು ಅದೇ ಮನೆ, ಅದೇ ಬೆತ್ತದ ಕುರ್ಚಿಗಳೊಂದಿಗೆ, ದಿನದ ಲೆಕ್ಕದ ಹಾಲಿಡೇ ಹೋಮ್ ಆಗಿ ಕಾಣಿಸಿಕೊಂಡರೆ ಮಗನ ಮನಸ್ಸು ಬದಲಾಗಿದೆ ಎಂದು ತಿಳಿಯಬೇಕು.

ಹೀಗೆ ಗೊಣಗುವವರಾದರೂ ಭಾಗ್ಯವಂತರು, ಅವರಿಗೆ ಇಡೀ ಮನೆಯಿದೆ. ಕರಾಮ, ಸತ್ವಾ, ದೇರಾ ಕಡೆ ನೆರಳಿನ ಬಿಡಿ ಮಾರಾಟ. ಹಾಲ್‌ಗೆ ಜಿಪ್ಸಮ್ ಹಲಗೆ ಹೊಡೆದು ಮೂರು 'ಪಾರ್ಟಿಷನ್', ಉಳಿದ ಕೋಣೆಯಲ್ಲಿ ಮಹಡಿ ಮಂಚದ 'ಬೆಡ್ ಸ್ಪೇಸ್', ಅಡುಗೆಮನೆಗೆ ಪಾಳಿ, ಬಚ್ಚಲಿಗೆ ಸರದಿ. 2025ರ ಜೂನ್‌ನಲ್ಲಿ ಅಧಿಕಾರಿಗಳು ಬೆಂಕಿ ಅನಾಹುತದ ಭಯದಿಂದ ಅನುಮತಿಯಿಲ್ಲದ ಪಾರ್ಟಿಷನ್‌ಗಳನ್ನು ಒಡೆಸಲು ಹೊರಟರು. ಭಯ ನ್ಯಾಯವಾದದ್ದೇ. ಹಲಗೆ ಒಡೆದರು, ಹಲಗೆಯ ಹಿಂದೆ ಮಲಗಿದ್ದವನ ಸಂಬಳ ಅಷ್ಟೇ ಉಳಿಯಿತು. ಕುಟುಂಬ ಕರೆಸಲು ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ಮತ್ತು ಕಂಪನಿ ಕೊಡುವ ವಸತಿ ಇರಬೇಕು ಎಂಬ ನಿಯಮದಡಿ ಅವನ ಹೆಂಡತಿ ಊರಲ್ಲೇ ಇದ್ದಾಳೆ. ಇಲ್ಲಿ 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡು ಕಂಡಲ್ಲಿ ಎರಡು ಮಕ್ಕಳ ಆ ತಂದೆ ಬ್ಯಾಚಲರ್ ಎನಿಸಿಕೊಂಡು ಮುಂದಿನ ಗಲ್ಲಿಗೆ ನಡೆಯುತ್ತಾನೆ.

ಈ ಗೋಪುರಗಳನ್ನು ಕಟ್ಟುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಲ್ಲಿ ದುಡಿಯದಂತೆ ಸರ್ಕಾರದ ವಿರಾಮವಿದೆ. ಹನ್ನೆರಡು ಗಂಟೆಯ ಬಿಸಿಲು ಹಿತವಾದದ್ದೆಂದು ಯಾರೋ ಕಂಡುಕೊಂಡಿರಬೇಕು.

ಬರುವವರು ಬರಲಿ, ಸಂಬಳ ಒಳ್ಳೆಯದಿದ್ದರೆ ನಾನೂ ಬೇಡವೆನ್ನುವುದಿಲ್ಲ. ಮನೆ ನೋಡಲು ಮಾತ್ರ ಜನವರಿಯ ಸಂಜೆ ಹೋಗಬೇಡಿ. ಆಗಸ್ಟ್‌ನ ಮಧ್ಯಾಹ್ನ ಎರಡೂವರೆಗೆ ಹೋಗಿ. ತಣ್ಣೀರಿನ ನಲ್ಲಿ ತಿರುಗಿಸಿ ಬೆರಳು ಹಿಡಿಯಿರಿ. ಹೊರಟಿರುವ ಬಾಡಿಗೆದಾರ ಸಿಕ್ಕರೆ ಜುಲೈನ ಚಿಲ್ಲರ್ ಬಿಲ್ಲು ಕೇಳಿ, ಆ ಕಟ್ಟಡದ ದರವನ್ನು ಸರ್ಕಾರದ ಬಾಡಿಗೆ ಸೂಚ್ಯಂಕದಲ್ಲಿ ನೋಡಿ, ಮಾಲೀಕರಿಗೆ ಎಷ್ಟು ಮಕ್ಕಳೆಂದು ನಯವಾಗಿ ವಿಚಾರಿಸಿ. ಚೆಕ್ಕು ಪುಸ್ತಕ ಆಮೇಲೆ ತೆಗೆಯಿರಿ.