ಪುಣೆ ಕಾಕಾ ದೋಣಿ ಏರಿದರು

ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಪ್ರತಿ ಮನೆತನಕ್ಕೂ ಒಬ್ಬ ಪುಣೆ ಕಾಕಾ ಇರುತ್ತಾರೆ. ಖಡಕಿಯ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ದುಡಿದು, ನಿವೃತ್ತರಾಗಿ, ಕೋಥರೂಡಿನಲ್ಲೊಂದು ಫ್ಲ್ಯಾಟು ಮಾಡಿಕೊಂಡವರು. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಜಗಳಕ್ಕೆ ಎರಡೂ. ಪ್ರವಾಸವೆಂದರೆ ಅವರಿಗೆ, ಉಳಿದ ಊರುಗಳು ಪುಣೆಯಾಗದೆ ಎಷ್ಟು ಕೆಟ್ಟಿವೆ ಎಂದು ತಪಾಸಣೆ ಮಾಡಿ ಬರುವ ಕೆಲಸ.

ಈ ಸಲ ತಪಾಸಣೆ ಆಲಪ್ಪುಳದ್ದು. ಪೂರ್ಣಾ ಎಕ್ಸ್‌ಪ್ರೆಸ್ಸಿನಲ್ಲಿ ಎರ್ನಾಕುಲಂ, ಅಲ್ಲಿಂದ ಬಸ್ಸು. ವಸತಿ ಕೆಟ್ಟುವಳ್ಳದಲ್ಲಿ. ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ಕಟ್ಟುವ ಈ ದೋಣಿ ಒಂದು ಕಾಲಕ್ಕೆ ಕುಟ್ಟನಾಡಿನ ಭತ್ತ ಹೊರುತ್ತಿತ್ತು. ಈಗ ಏಸಿ ಹಾಕಿಕೊಂಡು ಕಾಕಾನಂಥವರನ್ನು ಹೊರುತ್ತದೆ. ಹತ್ತಿದವರೇ ಚೀಲದಿಂದ ಬಾಕರವಡಿ ಪೊಟ್ಟಣ ಸರಿಸಿ ಸ್ಕೆಚ್ ಪೆನ್ನು ತೆಗೆದರು. ರಟ್ಟಿನ ಮೇಲೆ ಬರೆದರು: ‘ಚಪ್ಪಲಿ ಹೊರಗೆ. ಈ ಕುರ್ಚಿ ಹಿರಿಯರದು. ಕಾರಣ ಕೇಳಬಾರದು.’ ಕೆಳಗೆ ಅದೇ ಮರಾಠಿಯಲ್ಲಿ. ದೋಣಿಯ ಮೂವರು ಹುಡುಗರಿಗೆ ಎರಡೂ ಬಾರದು ಎಂದು ಕಾಕು ನೆನಪಿಸಿದರೆ, “ಪಾಟಿ ಹಚ್ಚೋದು ನಮ್ಮ ಕೆಲಸ, ಓದೋದು ಅವರದು” ಎಂದರು.

ಪುಣೆಯವರಿಗೆ ನೀರೆಂದರೆ ಟಿಎಂಸಿ. ಮಳೆಗಾಲದ ಪೇಪರಿನಲ್ಲಿ ಖಡಕವಾಸಲಾ, ಪಾನಶೇತ, ವರಸಗಾಂವ, ಟೇಮಘರ್ ನಾಲ್ಕೂ ಅಣೆಕಟ್ಟುಗಳ ನೀರನ್ನು ಕೂಡಿಸದೆ ಕಾಕಾ ಚಹಾ ಮುಟ್ಟುವುದಿಲ್ಲ. ವೇಂಬನಾಡು ಸರೋವರ ಕಾಣುತ್ತಲೇ, “ತಮ್ಮಾ, ಇದು ಎಷ್ಟು ಟಿಎಂಸಿ?” ಹುಡುಗ ನಕ್ಕು ಎಳನೀರು ಕೊಟ್ಟ. ಇಲ್ಲಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ, ಬದು ಕಟ್ಟಿ ನೀರನ್ನು ಪಂಪಿನಿಂದ ಹೊರಹಾಕಿ ಬೆಳೆಯುತ್ತಾರೆ ಎಂದು ತಿಳಿದದ್ದೇ ತಡ, 1961ರ ಜುಲೈ 12ರಂದು ಪಾನಶೇತ ಒಡೆದು ಪುಣೆ ಮುಳುಗಿದ ಕಥೆ ಶುರು. ಕಾಕಾ ಪುಣೆಗೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಹೇಳುವಾಗ ಅಂದು ತೊಯ್ದವರ ಹಾಗೆ ಧೋತರದ ಚುಂಗು ಹಿಂಡುತ್ತಾರೆ.

ಅವರ ಇತಿಹಾಸದಲ್ಲಿ ಇಸವಿ ಎರಡೇ: ಪಾಣಿಪತ, ಪಾನಶೇತ. ತಿರುವಾಂಕೂರಿನವರು ಇಲ್ಲಿ 1762ರಲ್ಲಿ ಬಂದರು ತೆರೆದರಂತೆ ಎಂದೆ. “ಅಂದರ ಪಾಣಿಪತದ ಮರುವರ್ಷ. ನಾವಲ್ಲಿ ಅಳ್ತಿದ್ವಿ, ಇವರು ಮೆಣಸು ಮಾರ್ತಿದ್ರು!” ಕಡಲದಂಡೆಯಲ್ಲಿ 1862ರ ಪಿಯರಿನ ತುಕ್ಕು ಹಿಡಿದ ಕಂಬಗಳು, ಅದೇ ವರ್ಷದ ದೀಪಸ್ತಂಭ. “ಪಾನಶೇತಕ್ಕ 99 ವರ್ಷ ಮೊದಲು” ಎಂದು ಬೆರಳೆಣಿಸಿ, ಕೊಚ್ಚಿಯ ಬಂದರು ಬೆಳೆದು ಇಲ್ಲಿನ ವ್ಯಾಪಾರ ಕುಗ್ಗಿದ್ದಕ್ಕೆ ತಲೆಯಾಡಿಸಿದರು. ಮುಂಬಯಿ ಬೆಳೆದದ್ದರ ಸಿಟ್ಟು ಪುಣೆಯವರಿಗೆ ಹಳೆಯದು. ಅದನ್ನೇ ಇಲ್ಲಿ ಕೊಚ್ಚಿಯ ಮೇಲೆ ತೀರಿಸಿಕೊಂಡರು.

ಕಾಕಾ ಸೋತದ್ದು ಒಂದೇ ಕಡೆ. ಮಧ್ಯಾಹ್ನ ಒಂದಕ್ಕೆ ದೋಣಿಯನ್ನು ದಂಡೆಗೆ ಕಟ್ಟಿ, ಊಟ ಬಡಿಸಿ, ಹುಡುಗರೂ ಅಡ್ಡಾದರು. ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗುವ ಊರಿನವರಿಗೆ ಕಣ್ಣು ತುಂಬಿಬಂತು. ಸಂಜೆ ಐದೂವರೆಗೆ ಮತ್ತೆ ಕಟ್ಟಿದರು. ಆಮೇಲೆ ನೀರು ಮೀನುಗಾರರ ಬಲೆಗೆ ಮೀಸಲು, ಹೌಸ್‌ಬೋಟು ಓಡುವಂತಿಲ್ಲ. “ಹೊತ್ತಿಗೆ ಸರಿಯಾಗಿ ನಿಲ್ಲಸ್ತಾರ, ಹೆಚ್ಚಿಗಿ ರೊಕ್ಕ ಕೊಟ್ಟರೂ ಬಿಚ್ಚೂದಿಲ್ಲ. ಪುಣೆ ಬಿಟ್ಟರ ಶಿಸ್ತು ಇಲ್ಲೇ!”

ಪುಣೆ ಕಾಕಾನ ಬಾಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನಾವ ಊರಿಗೂ ಸಿಕ್ಕಿಲ್ಲ. ಆಲಪ್ಪುಳದವರು ಬೇಕಾದರೆ ಚೌಕಟ್ಟು ಹಾಕಿಸಿಕೊಳ್ಳಲಿ.