ಸೇವ್ ಆಸ್ ಸಾರ್

ಪೀಣ್ಯ ಎರಡನೇ ಹಂತದ ಯಾವುದೇ ಶೆಡ್ಡಿನ ಕಬ್ಬಿಣದ ಮೆಟ್ಟಿಲು ಹತ್ತಿ, ಮೇಲಿನ ಗಾಜಿನ ಕೋಣೆಗೆ ಇಣುಕಿ. ಅವರು ಅಲ್ಲೇ ಇರುತ್ತಾರೆ. ಮೂಗಿನ ತುದಿಗೆ ಕನ್ನಡಕ, ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು, ಮೇಜಿನ ಮೇಲೆ ವರ್ನಿಯರ್ರು, ಅದರ ಪಕ್ಕ ಆರಿಹೋದ ಟೀ. ವಿಸಿಟಿಂಗ್ ಕಾರ್ಡಿನಲ್ಲಿ ‘ಡಿಸೈನ್ ಹೆಡ್’. ಆ ಡಿಪಾರ್ಟ್‌ಮೆಂಟಿನಲ್ಲಿ ಇರುವುದು ಹೆಡ್ಡು ಮತ್ತು ಒಬ್ಬ ಟ್ರೈನಿ, ಅಷ್ಟೇ. ಟ್ರೈನಿಗಳು ಬದಲಾಗುತ್ತಲೇ ಇರುತ್ತಾರೆ. 2023ರಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್ ಮುಟ್ಟಿದ ಮೇಲಂತೂ ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಇಳಿದು ಹತ್ತಿದರೆ ಸಾಕು, ಅರ್ಧ ದಿನದ ರಜೆಯಲ್ಲೇ ಇಂಟರ್‌ವ್ಯೂ ಮುಗಿಸಿಕೊಂಡು ಬರುತ್ತಾರೆ. ಸಾರ್ ಮಾತ್ರ ಎಲ್ಲಿಗೂ ಹೋಗುವವರಲ್ಲ.

ಸಾವಿರಾರು ಡ್ರಾಯಿಂಗ್ ಕೊಟ್ಟಿರುವ ಈ ಮಹಾನುಭಾವರು ಕಂಪ್ಯೂಟರಿನಲ್ಲಿ ಒಂದನ್ನೂ ಹೊಸದಾಗಿ ಶುರು ಮಾಡಿಲ್ಲ. ಆಟೊಕ್ಯಾಡಿನಲ್ಲಿ ‘ನ್ಯೂ’ ಅನ್ನುವ ಬಟನ್ ಇರುವುದು ಅವರಿಗೆ ಗೊತ್ತು, ಊರಲ್ಲಿ ಪೊಲೀಸ್ ಸ್ಟೇಷನ್ ಇರುವುದು ಗೊತ್ತಿರುವ ಹಾಗೆ. ಅತ್ತ ಕಾಲಿಡುವ ಪ್ರಸಂಗ ಬಂದಿಲ್ಲ. ಕಸ್ಟಮರ್ ಹೊಸ ಜಾಬ್ ತಂದರೆ “ಇಂಥದ್ದೇ ಒಂದು ಮಾಡಿದ್ವಲ್ಲ” ಅನ್ನುತ್ತಾರೆ, ಹಳೇ ಫೈಲ್ ತೆಗೆಯುತ್ತಾರೆ, ‘ಸೇವ್ ಆಸ್’ ಒತ್ತುತ್ತಾರೆ, ಬೇಡದ್ದನ್ನು ಅಳಿಸುತ್ತಾರೆ. ಪಂಪಿನ ಕವರ್ ಬೇಕೆಂದರೆ ಗೇರ್‌ಬಾಕ್ಸಿನ ಫ್ಲೇಂಜ್ ತೆಗೆಯುತ್ತಾರೆ. ಎರಡೂ ರೌಂಡು ತಾನೆ!

ಹಾಗಾಗಿ ಆ ಶೆಡ್ಡಿನ ಡ್ರಾಯಿಂಗುಗಳಿಗೆಲ್ಲ ಪೂರ್ವಜನ್ಮದ ವಾಸನೆ ಇದೆ. ಟೈಟಲ್ ಬ್ಲಾಕಿನ ‘ಡ್ರಾನ್ ಬೈ’ ಅಂಕಣದಲ್ಲಿ ಇರುವ ಇನಿಶಿಯಲ್ಲು ಯಾರದ್ದೋ. ಆ ಪುಣ್ಯಾತ್ಮ ಕೆಲಸ ಬಿಟ್ಟು ದುಬೈಗೆ ಹೋಗಿ ಯಾವ ಕಾಲವಾಯಿತೋ, ಇವತ್ತಿಗೂ ದಿನಕ್ಕೆ ಎರಡು ಡ್ರಾಯಿಂಗ್ ಬರೆಯುತ್ತಾನೆ. ಮೆಟೀರಿಯಲ್ ಅಂಕಣದಲ್ಲಿ ಇಎನ್8 ಎಂದಿರುತ್ತದೆ, ಕಸ್ಟಮರ್ ಕೇಳಿದ್ದು ಅಲ್ಯೂಮಿನಿಯಂ. ಕೆಳಗಿನ ಟರ್ನರ್ ಆ ಅಂಕಣ ಓದುವುದನ್ನು ಬಿಟ್ಟು ಬಹಳ ದಿನವಾಗಿದೆ. “ಏನ್ ರಾಡ್ ತಂದಿದ್ದಾರೋ ಅದೇ ಮೆಟೀರಿಯಲ್ಲು” ಅನ್ನುವುದು ಅವನ ಪದ್ಧತಿ. ಫೈಲಿನ ಹೆಸರುಗಳೋ, ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’, ‘ಇದು ಬಿಟ್ಟು ಬೇರೆ ಬೇಡ’.

ಇಂಥ ಕಡೆಗೆ ತುಮಕೂರಿನಿಂದ ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳು ಬಂದು ಕೂತಳು. ಕಾಲೇಜಿನಲ್ಲಿ ಕಲಿಸಿದ ಹಾಗೆ ‘ನ್ಯೂ’ ಒತ್ತಿದಳು, ಪಟ್ಟಿಯಲ್ಲಿ ಮೊದಲು ಕಂಡ ‘ಅಕ್ಯಾಡ್’ ಟೆಂಪ್ಲೇಟನ್ನೇ ತೆಗೆದಳು, 300 ಮಿಲಿಮೀಟರಿನ ಪ್ಲೇಟ್ ಎಳೆದಳು, ಅಳತೆ ಹಾಕಿದಳು. ಅಳತೆ ಕಾಣಲಿಲ್ಲ. ಕಂಪನಿಯ ಬೋಲ್ಟ್ ಬ್ಲಾಕ್ ತಂದಳು. ಬೋಲ್ಟೂ ಕಾಣಲಿಲ್ಲ.

“ಸಾರ್, ಬೋಲ್ಟ್ ಕಳೆದುಹೋಯ್ತು.”

ಸಾರ್ ಕುರ್ಚಿ ಸಮೇತ ಉರುಳಿಕೊಂಡು ಬಂದರು. ಮೌಸಿನ ಚಕ್ರ ತಿರುಗಿಸುತ್ತ ಹೋದರು, ಹೋದರು, ಕೊನೆಗೆ ಒಂದು ಮೂಲೆಯಲ್ಲಿ ಅರ್ಧ ಮಿಲಿಮೀಟರೂ ಇಲ್ಲದ ಬೋಲ್ಟ್ ಸಿಕ್ಕಿತು. “ಅಮೆರಿಕಾ ಶೀಟ್ ತೆಗ್ದಿದ್ದೀಯ ಕಣಮ್ಮಾ. ಅದು ಇಂಚು. ನಿನ್ನ ಎಂ12 ಬೋಲ್ಟನ್ನ 25.4ರಿಂದ ಭಾಗಿಸಿ ಕೂರಿಸಿದೆ. ಅಕ್ಷರದ ಎತ್ತರ ಅದ್ರಲ್ಲಿ 0.18, ನಮ್ಮದರಲ್ಲಿ 2.5. ಅಷ್ಟು ದೊಡ್ಡ ಪ್ಲೇಟಲ್ಲಿ ಎಲ್ಲಿ ಹುಡುಕ್ತೀಯ? ತೆಗೀಲೇಬೇಕು ಅಂದ್ರೆ ಕೆಳಗಡೆ ‘ಅಕ್ಯಾಡ್ ಐಸೊ’ ಇದೆ, ಅದನ್ನ ತೆಗಿ. ಗೆರೆ ಎಳೆಯೋಕ್ ಮುಂಚೆ ಯೂನಿಟ್ಸ್ ನೋಡು. ಗೆರೆ ಎಳೆಯೋಕ್ ಮುಂಚೆ ಹೆಸರು ಕೊಟ್ಟು ಸೇವ್ ಮಾಡು, ಬೆಸ್ಕಾಂನೋರು ಹೇಳಿ ಕರೆಂಟ್ ತೆಗೆಯಲ್ಲ. ಸೈಜು ಒಂದಕ್ಕೊಂದು, ಶೀಟಿಗೆ ಹಿಡಿಸೋದು ಪ್ರಿಂಟ್ ಮಾಡೋವಾಗ. ಇಷ್ಟೆಲ್ಲಾ ಯಾಕೆ? ಹಳೇದು ತೆಗಿ, ಎಲ್ಲಾ ರೆಡಿ ಇರುತ್ತೆ.”

ಪೂರ್ತಿ ತಪ್ಪೆಂದೂ ಹೇಳುವಂತಿಲ್ಲ. ವೈಟ್‌ಫೀಲ್ಡಿನ ದೊಡ್ಡ ಕಂಪನಿಗಳಲ್ಲಿ ಲೇಯರು, ಗೆರೆಯ ದಪ್ಪ, ಟೈಟಲ್ ಬ್ಲಾಕ್ ಎಲ್ಲವನ್ನೂ ತುಂಬಿದ ಟೆಂಪ್ಲೇಟು ಸರ್ವರಿನಲ್ಲಿ ಕೂತಿರುತ್ತದೆ. ಅದನ್ನು ಮುಟ್ಟಲು ಮೂರು ಜನರ ಅಪ್ರೂವಲ್ ಬೇಕು. ಸಾರ್ ಮಾಡುವುದೂ ಅದನ್ನೇ, ಅಪ್ರೂವಲ್ ಒಂದಿಲ್ಲ. ಆದರೆ ಹಳೇ ಫೈಲು ಹಳೇ ಪಾಪವನ್ನೂ ಹೊತ್ತು ತರುತ್ತದೆ. ಒಮ್ಮೆ ಅಮೆರಿಕದ ಆರ್ಡರಿನ ಫೈಲಿಗೆ ‘ಸೇವ್ ಆಸ್’ ಒತ್ತಿದ್ದರು. ಮೂಲೆಯಲ್ಲಿ ಥರ್ಡ್ ಆಂಗಲ್ ಗುರುತು ಹಾಗೇ ಉಳಿಯಿತು, ಸಾರ್ ಬರೆದದ್ದು ಅಭ್ಯಾಸಬಲದಿಂದ ನಮ್ಮ ದೇಶದ ಫಸ್ಟ್ ಆಂಗಲ್ಲು. ಎಡಗಡೆ ಇರಬೇಕಾದ ಕಿವಿ ಬಲಗಡೆಗೆ ಬಂದು, ಬ್ರಾಕೆಟ್ಟುಗಳೆಲ್ಲ ಕನ್ನಡಿಯಲ್ಲಿ ನೋಡಿದಂತೆ ತಯಾರಾದವು. ಓನರ್ ತಲೆ ಮೇಲೆ ಕೈ ಹೊತ್ತರೆ ಸಾರ್ ಅಂದರಂತೆ: “ಇಟ್ಕೊಂಡಿರಿ ಸಾರ್, ಬಲಗಡೇದಕ್ಕೂ ಆರ್ಡರ್ ಬರುತ್ತೆ.”

1982ರ ಡಿಸೆಂಬರಿನಲ್ಲಿ ಆಟೊಕ್ಯಾಡ್ ಮಾರುಕಟ್ಟೆಗೆ ಬಂತು. ಸಾರ್ ಕೆಲಸಕ್ಕೆ ಸೇರಿದ್ದು ಅದಾದ ಮೇಲೇ ಆದರೂ, ಪೀಣ್ಯದ ಶೆಡ್ಡಿಗೆ ಅದು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರು ಬೋರ್ಡಿನ ಮುಂದೆ ನಿಂತು ವರ್ಷಗಟ್ಟಲೆ ಕಳೆದಿದ್ದರು. ಟ್ರೇಸಿಂಗ್ ಪೇಪರಿನ ಮೇಲೆ ಇಂಕು, ತಪ್ಪಿದರೆ ಬ್ಲೇಡಿನಲ್ಲಿ ಕೆರೆಯುವುದು, ಅಮೋನಿಯಾ ಪ್ರಿಂಟಿನ ಘಾಟು. ಕೆರೆದು ಕೆರೆದು ಪೇಪರ್ ತೂತಾದರೆ ಇಡೀ ಹಾಳೆ ಮತ್ತೆ ಮೊದಲಿಂದ. ಹೊಸ ಹಾಳೆಯ ಭಯ ಅಲ್ಲಿಂದ ಬಂದದ್ದು ಅಂತ ನನ್ನ ಗುಮಾನಿ.

ಹೀಗಿರುವಾಗ ಹೋದ ಸಲ ಒಂದು ಫಿಕ್ಸ್ಚರ್ ಜಾಬ್ ಬಂತು. ಹಳೇ ಫೈಲುಗಳಲ್ಲಿ ಅದರ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಸಾರ್ ಫೋಲ್ಡರೆಲ್ಲ ಜಾಲಾಡಿದರು, ಟೀಗೆ ಹೋದರು, ಬಂದರು, ಮತ್ತೆ ಜಾಲಾಡಿದರು. ಕೊನೆಗೆ ಮೇಜಿನ ಮೇಲೆ ಕೈಗೆ ಸಿಕ್ಕ ಡೆಲಿವರಿ ಚಲನ್ ಮಗುಚಿ ಹಾಕಿ, ಕಿವಿಯ ಮೇಲಿನ ಪೆನ್ಸಿಲ್ ಇಳಿಸಿದರು. ಮೊದಲು ಒಂದು ಸೆಂಟರ್ ಲೈನ್, ಅದಕ್ಕೆ ಅಡ್ಡಲಾಗಿ ಇನ್ನೊಂದು. ಕಾಂಪಾಸ್ ಇಲ್ಲ, ಕಿರುಬೆರಳನ್ನೇ ಊರಿ ಕಾಗದ ತಿರುಗಿಸಿದರೆ ಸೊಗಸಾದ ವೃತ್ತ. “ಇದು ಯಾವುದರೊಳಗೆ ಕೂರುತ್ತೆ? ಅದನ್ನ ಮೊದಲು ಬರಿ. ಯಾವ ಮುಖ ಊರಿ ಕ್ಲಾಂಪ್ ಮಾಡ್ತೀವಿ? ಅಲ್ಲಿಂದ ಅಳತೆ ಶುರು. ಕಟರ್ ಒಳಗೆ ಬರೋಕೆ ಜಾಗ ಬೇಡ್ವಾ? ಬಿಡು. ಅಳತೆ ಕೊನೆಗೆ, ಮೊದಲು ಆಕಾರ.” ಹುಡುಗಿ ಸ್ಕ್ರೀನು ಬಿಟ್ಟು ಚಲನ್ನೇ ನೋಡುತ್ತಿದ್ದಳು. ಟೀ ಆರುವಷ್ಟರಲ್ಲಿ ಮೂರು ವ್ಯೂ ಮುಗಿದಿದ್ದವು, ಫಸ್ಟ್ ಆಂಗಲ್ಲಿನಲ್ಲಿ, ಕಿವಿ ಸರಿಯಾದ ಕಡೆಗೇ ಇತ್ತು.

“ತಗೋ, ಸಿಸ್ಟಮ್ಮಿಗೆ ಹಾಕು.”

“ನ್ಯೂ ತೆಗೀಲಾ ಸಾರ್?”

“ಯಾಕಮ್ಮಾ? ಆ ಫ್ಲೇಂಜ್ ಫೈಲ್ ತೆಗ್ದು ಸೇವ್ ಆಸ್ ಮಾಡು. ಟೈಟಲ್ ಬ್ಲಾಕ್ ಸಿಗುತ್ತಲ್ಲ!”

ಅಷ್ಟರಲ್ಲಿ ಅಕೌಂಟ್ಸ್ ಮೇಡಂ ಬಾಗಿಲಿಗೆ ಬಂದರು. ಪ್ಲೇಟಿಂಗಿಗೆ ಹೋದ ಮಾಲಿನ ಚಲನ್ ಮೂರು ಪ್ರತಿಯಲ್ಲಿ ಒಂದು ಕಾಣುತ್ತಿಲ್ಲ, ಆಡಿಟರ್ ಕೆಳಗೆ ಕೂತಿದ್ದಾರೆ. ಸಾರ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಹುಡುಗಿ ಹಾಳೆ ಎತ್ತಿಕೊಂಡು ಎದ್ದಳು: “ಎರಡು ನಿಮಿಷ ಮೇಡಂ. ಸ್ಕ್ಯಾನ್ ಮಾಡ್ಕೊಂಡು ಕೊಡ್ತೀನಿ, ಎರಡೂ ಕಡೆ.”